ಇಂಗ್ಲಿಷ್ ಬಾರದ್ದಕ್ಕೆ ಆರ್ಡರ್ ತಪ್ಪಿರಲಿಲ್ಲ: ಹುಬ್ಬಳ್ಳಿಯ ಒಂದು ವಾಲ್ವ್ ಘಟಕದ ಪ್ರಕರಣ ಅಧ್ಯಯನ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆ ಕೈಗಾರಿಕಾ ವಾಲ್ವ್ ತಯಾರಿಸುವ ಸಣ್ಣ ಘಟಕಗಳಿವೆ. ಅಂಥ ಒಂದು ಘಟಕ ಡೀಲರ್‌ಗಳ ಹಂಗು ಬಿಟ್ಟು ನೇರವಾಗಿ ದೊಡ್ಡ ಗ್ರಾಹಕರ ಜೊತೆ ವ್ಯವಹರಿಸಲು ಹೊರಟಾಗ ಏನಾಯಿತು ಎಂಬುದು ಈ ಪ್ರಕರಣ. ಘಟಕದ, ಜನರ, ಗ್ರಾಹಕರ ಹೆಸರು ಕೊಟ್ಟಿಲ್ಲ. ಗುರುತು ಸಿಗದಿರಲೆಂದು ಕೆಲವು ಸಂಖ್ಯೆಗಳನ್ನು ಸ್ವಲ್ಪ ಆಚೀಚೆ ಮಾಡಲಾಗಿದೆ.

ಹಿನ್ನೆಲೆ

ಸುಮಾರು ನಲವತ್ತು ಜನ ಕೆಲಸ ಮಾಡುವ ಜಾಗ. 2 ಇಂಚಿನಿಂದ 8 ಇಂಚಿನವರೆಗಿನ ಗೇಟ್, ಗ್ಲೋಬ್ ಮತ್ತು ಚೆಕ್ ವಾಲ್ವ್‌ಗಳು ಇಲ್ಲಿ ತಯಾರಾಗುತ್ತವೆ. ಎರಕ ಬೆಳಗಾವಿಯ ಫೌಂಡ್ರಿಯಿಂದ ಬರುತ್ತದೆ; ಮಶೀನಿಂಗ್, ಜೋಡಣೆ, ಒತ್ತಡ ಪರೀಕ್ಷೆ, ಪೇಂಟ್ ಎಲ್ಲವೂ ಒಂದೇ ಶೆಡ್ಡಿನೊಳಗೆ. ಮಾರಾಟದ ಮುಕ್ಕಾಲು ಪಾಲು ಇಬ್ಬರು ಡೀಲರ್‌ಗಳ ಕೈಯಲ್ಲಿತ್ತು. ಅವರು ತಮ್ಮ ನೇಮ್‌ಪ್ಲೇಟ್ ಬಡಿದು ಮಾರುತ್ತಿದ್ದರಿಂದ ವಾಲ್ವ್ ಎಲ್ಲಿ ಹೋಗಿ ಕೂರುತ್ತದೆ ಎಂಬುದೇ ತಯಾರಿಸಿದವರಿಗೆ ಗೊತ್ತಾಗುತ್ತಿರಲಿಲ್ಲ.

ಪ್ರಕರಣದಲ್ಲಿ ಮುಖ್ಯರಾದವರು ಮೂವರು. ಮಾಲೀಕರು, ಡಿಪ್ಲೊಮಾ ಓದಿ ಲೇತ್‌ನಿಂದ ಮೇಲೆ ಬಂದವರು. ಉತ್ಪಾದನೆ ನೋಡಿಕೊಳ್ಳುವ ಮ್ಯಾನೇಜರ್, ಐಟಿಐ ಫಿಟ್ಟರ್, ಶೆಡ್ಡಿನ ಪ್ರತಿ ಜಿಗ್ಗಿನ ಜಾತಕ ಬಲ್ಲವರು. ಆಫೀಸ್ ನೋಡಿಕೊಳ್ಳುವ ಬಿಕಾಂ ಪದವೀಧರೆ (ಮುಂದೆ ‘ಆಫೀಸಿನವರು’ ಎಂದರೆ ಇವರೇ). ಮೇಲ್, ಕೊಟೇಶನ್, ಜಿಎಸ್‌ಟಿ ಎಲ್ಲ ಅವರದೇ.

ನೇರ ಮಾರಾಟದ ಮೊದಲ ವರ್ಷ 46 ಎನ್‌ಕ್ವೈರಿ (ದರ ಕೇಳಿ ಬರುವ ವಿಚಾರಣೆ) ಬಂದವು, ಆರ್ಡರ್ ಆದದ್ದು 5. ಎರಡು ಕಂಪನಿಗಳಲ್ಲಿ ಪ್ರೆಸೆಂಟೇಶನ್ ಕೊಟ್ಟರು, ಎರಡೂ ಕಡೆ ‘ತಿಳಿಸುತ್ತೇವೆ’ ಎಂದು ಕಳಿಸಿದರು, ಯಾರೂ ತಿಳಿಸಲಿಲ್ಲ. ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆದ ಕೈಗಾರಿಕಾ ಮೇಳವೊಂದರಲ್ಲಿ 3 ಮೀಟರ್‌ಗೆ 3 ಮೀಟರ್ ಮಳಿಗೆ ಹಿಡಿದು 140 ವಿಸಿಟಿಂಗ್ ಕಾರ್ಡ್ ತಂದರು. ಮೂರು ವಾರ ಬಿಟ್ಟು ಎಲ್ಲರಿಗೂ ಒಂದೇ ಮೇಲ್ ಹೋಯಿತು, ಜೊತೆಗೆ 11 ಎಂಬಿಯ ಕ್ಯಾಟಲಾಗ್. ಉತ್ತರ ಬರೆದವರು ಇಬ್ಬರು. ಅವರಲ್ಲೊಬ್ಬರು ತಮ್ಮ ಕಟಿಂಗ್ ಟೂಲ್ ಮಾರಲು ಬರೆದಿದ್ದರು.

ಮಾಲೀಕರು ಕಂಡುಕೊಂಡ ಕಾರಣ ಒಂದೇ: ‘ನಮಗ ಇಂಗ್ಲಿಷ್ ಬರೂದಿಲ್ಲ.’

ಮೊದಲು ಕೊಟ್ಟ ಮದ್ದು

ಮೂವರೂ ವಾರಕ್ಕೆ ಮೂರು ಸಂಜೆ ಸ್ಪೋಕನ್ ಇಂಗ್ಲಿಷ್ ತರಗತಿಗೆ ಹೋದರು, ಮೂರು ತಿಂಗಳು. ಇದನ್ನು ಪೂರ್ತಿ ವ್ಯರ್ಥ ಎನ್ನಲಾಗದು. ಆಫೀಸಿನವರು ಫೋನ್ ಎತ್ತಲು ಹಿಂಜರಿಯುವುದು ನಿಂತಿತು. ಆದರೆ ಮ್ಯಾನೇಜರ್ ವಿಷಯದಲ್ಲಿ ಉಲ್ಟಾ ಆಯಿತು. ಮೊದಲು ಕನ್ನಡ, ಹಿಂದಿ, ನಾಲ್ಕು ಇಂಗ್ಲಿಷ್ ಪದ ಬೆರೆಸಿ ಧಡಧಡ ಹೇಳುತ್ತಿದ್ದವರು ಈಗ ‘ಹ್ಯಾಸ್’ ಹಾಕಬೇಕೋ ‘ಹ್ಯಾವ್’ ಹಾಕಬೇಕೋ ಎಂದು ಯೋಚಿಸುತ್ತ ಅರ್ಧಕ್ಕೆ ನಿಲ್ಲತೊಡಗಿದರು. ಗ್ರಾಹಕ ಬಂದಾಗ ಶೆಡ್ಡಿನ ಹಿಂಬದಿಗೆ ಸರಿಯುವುದೂ ಶುರುವಾಯಿತು. ಘಟಕದಲ್ಲಿ ವಾಲ್ವ್ ಬಗ್ಗೆ ಅತಿ ಹೆಚ್ಚು ಬಲ್ಲ ಮನುಷ್ಯ ಗ್ರಾಹಕನ ಕಣ್ಣಿಗೆ ಬೀಳದಂತಾದರು.

ಒಂದು ನಿಮಿಷದ ಸ್ವಪರಿಚಯವನ್ನೂ ತರಗತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ಮೇಳದಲ್ಲಿ ಅದನ್ನು ಹೇಳಿದರೆ ಶಾಲಾ ವಾರ್ಷಿಕೋತ್ಸವದ ಭಾಷಣದ ಹಾಗೆ ಕೇಳುತ್ತಿತ್ತು. ಎದುರಿನವರು ನಡುವೆ ಪ್ರಶ್ನೆ ಕೇಳಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು.

ಫೈಲ್ ತೆರೆದು ನೋಡಿದಾಗ

ಪ್ರಕರಣ ತಿರುಗಿದ್ದು ಒಂದು ನೀರಸ ಕೆಲಸದಿಂದ. ತಪ್ಪಿದ 41 ಎನ್‌ಕ್ವೈರಿಗಳ ಮೇಲ್ ಸರಣಿಯನ್ನು ಆಫೀಸಿನವರು ಒಂದೊಂದಾಗಿ ತೆರೆದು ನಾಲ್ಕು ಕಾಲಂ ತುಂಬಿದರು: ಎನ್‌ಕ್ವೈರಿ ಬಂದ ದಿನ, ಗ್ರಾಹಕ ಕೊಟ್ಟ ಕೊನೆಯ ದಿನ, ಕೊಟೇಶನ್ ಹೋದ ದಿನ, ಆಮೇಲೆ ಗ್ರಾಹಕ ಕೇಳಿದ್ದೇನು. ಕಾರಣ ತಿಳಿಯದ ಕಡೆ ಗ್ರಾಹಕರಿಗೆ ಫೋನ್ ಮಾಡಿ ಕೇಳಿದರು. ‘ಆರ್ಡರ್ ಯಾಕೆ ಕೊಡಲಿಲ್ಲ’ ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ‘ಮುಂದಿನ ಸಲ ನಮ್ಮ ಕೊಟೇಶನ್‌ನಲ್ಲಿ ಏನಿದ್ದರೆ ನಿಮಗೆ ಅನುಕೂಲ’ ಎಂದು ಕೇಳಿದಾಗ ಹೆಚ್ಚಿನವರು ಹೇಳಿದರು.

14 ಕಡೆ ಕೊಟೇಶನ್ ಹೋದದ್ದು ಕೊನೆಯ ದಿನ ದಾಟಿದ ಮೇಲೆ. 11 ಕಡೆ ಸಮಯಕ್ಕೆ ಹೋಗಿತ್ತು, ಆದರೆ ಮಾಹಿತಿ ಅರೆಬರೆ. ಗ್ರಾಹಕ ಸ್ಪಷ್ಟನೆ ಕೇಳಿದ ಮೇಲ್‌ಗೆ ಉತ್ತರವೇ ಇಲ್ಲ, ಇಲ್ಲವೇ ವಾರ ಕಳೆದು ಇದೆ. 9 ಕಡೆ ದರ ಹೆಚ್ಚಾಗಿತ್ತು. 7 ಕಡೆ ಕಾರಣ ಸಿಗಲಿಲ್ಲ. ಅಂದರೆ 41ರಲ್ಲಿ 25 ಎನ್‌ಕ್ವೈರಿಗಳು ಯಾರೂ ಬಾಯಿ ತೆರೆಯುವ ಮೊದಲೇ ಸತ್ತಿದ್ದವು. ಅಲ್ಲಿ ಇಂಗ್ಲಿಷ್ ಮಾತಿಗೆ ಜಾಗವೇ ಇರಲಿಲ್ಲ.

ತಡ ಯಾಕಾಗುತ್ತಿತ್ತು ಎಂಬುದೂ ಫೈಲಿನಲ್ಲೇ ಇತ್ತು. ಮೇಲ್ ಬಂದೊಡನೆ ಅದನ್ನು ಪ್ರಿಂಟ್ ಮಾಡಿ ಮಾಲೀಕರ ಮೇಜಿನ ಮೇಲಿಡುವುದು ಪದ್ಧತಿ. ಅವರು ಎರಕದ ದರ ಕೇಳಲು ಬೆಳಗಾವಿಗೆ ಫೋನ್ ಮಾಡಬೇಕು, ಫೌಂಡ್ರಿಯವರು ಮರುದಿನ ಹೇಳುತ್ತಾರೆ, ಅಷ್ಟರಲ್ಲಿ ಮಾಲೀಕರು ಊರಲ್ಲಿಲ್ಲ. ಗ್ರಾಹಕನಿಗೆ ಈ ಓಡಾಟ ಯಾವುದೂ ಕಾಣುವುದಿಲ್ಲ, ಮೌನ ಮಾತ್ರ ಕಾಣುತ್ತದೆ.

ಕೊಟೇಶನ್ ಮೇಲ್ ಬದಲಾದ ಬಗೆ

ಹಳೆಯ ಮೇಲ್‌ನ ವಿಷಯ ಸಾಲು ‘ಕೊಟೇಶನ್’ ಎಂಬ ಒಂದೇ ಪದ. ಒಳಗೆ ‘ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ಲಗತ್ತನ್ನು ನೋಡಿರಿ, ತಮ್ಮ ಅಮೂಲ್ಯ ಆರ್ಡರ್‌ಗಾಗಿ ಕಾಯುತ್ತಿದ್ದೇವೆ’ ಎಂಬ ಅರ್ಥದ ಎರಡು ವಾಕ್ಯ. ದರ, ಅವಧಿ, ಪರೀಕ್ಷೆ ಎಲ್ಲ ಪಿಡಿಎಫ್‌ನಲ್ಲಿ. ಪೂರೈಕೆ ಅವಧಿ ‘ನಾಲ್ಕೈದು ವಾರ’. ಅದು ಆರ್ಡರ್ ಕೈಗೆ ಬಂದ ದಿನದಿಂದಲೋ, ಡ್ರಾಯಿಂಗ್ ಒಪ್ಪಿದ ದಿನದಿಂದಲೋ ಬರೆದಿಲ್ಲ. ದರ ಎಷ್ಟು ದಿನ ನಿಲ್ಲುತ್ತದೆ ಎಂದೂ ಇಲ್ಲ. ಹತ್ತು ಕೊಟೇಶನ್ ಪಕ್ಕಪಕ್ಕ ಇಟ್ಟು ಹೋಲಿಕೆ ಪಟ್ಟಿ ಮಾಡುವ ಪರ್ಚೇಸ್ ಅಧಿಕಾರಿಗೆ ಇಂಥ ಮೇಲ್ ಒಂದು ಖಾಲಿ ಕಾಲಂ ಆಗಿ ಉಳಿಯುತ್ತದೆ.

ಈಗ ಎರಡು ಮೇಲ್ ಹೋಗುತ್ತವೆ. ಮೊದಲನೆಯದು ಎನ್‌ಕ್ವೈರಿ ಬಂದ ದಿನವೇ, ಮಾಲೀಕರು ಊರಲ್ಲಿರಲಿ ಬಿಡಲಿ. ‘ತಲುಪಿದೆ, ಗುರುವಾರ ಸಂಜೆ 5ರೊಳಗೆ ದರ ಕಳಿಸುತ್ತೇವೆ, ಈ ಎರಡು ವಿಷಯ ತಿಳಿಸಿ’ ಎಂದಷ್ಟೇ. ಆ ಎರಡು ಪ್ರಶ್ನೆಗಳನ್ನು ಬರೆದುಕೊಡುವುದು ಮ್ಯಾನೇಜರ್. ಟ್ರಿಮ್ (ವಾಲ್ವ್‌ನ ಒಳಭಾಗಗಳ ಲೋಹ) ಯಾವುದು? ಎರಕದ ಸರ್ಟಿಫಿಕೇಟ್ ಇಎನ್ 10204ರ (ಲೋಹದ ಪರೀಕ್ಷಾ ದಾಖಲೆಗಳ ಯುರೋಪಿಯನ್ ಮಾನದಂಡ) 3.1 ದರ್ಜೆಯದೇ ಬೇಕೆ? ಮೂರನೇ ಸಂಸ್ಥೆಯ ಇನ್‌ಸ್ಪೆಕ್ಷನ್ ಉಂಟೆ, ಅದರ ಖರ್ಚು ಯಾರದು? ಇಂಥವು. ಇಲ್ಲಿ ಒಂದು ಅಡ್ಡಲಾಭವೂ ಆಯಿತು. ಸರಿಯಾದ ಪ್ರಶ್ನೆ ಕೇಳಿದವನಿಗೆ ಕೆಲಸ ಗೊತ್ತಿದೆ ಎಂದು ಗ್ರಾಹಕನ ಕಡೆಯ ಎಂಜಿನಿಯರ್ ತಾನೇ ಊಹಿಸುತ್ತಾನೆ. ‘ಮೂವತ್ತು ವರ್ಷದ ಅನುಭವ’ ಎಂದು ಬರೆದುಕೊಳ್ಳುವ ಅಗತ್ಯ ಬೀಳುವುದಿಲ್ಲ.

ಎರಡನೆಯದು ಕೊಟೇಶನ್. ವಿಷಯ ಸಾಲಿನಲ್ಲಿ ಗ್ರಾಹಕನ ಎನ್‌ಕ್ವೈರಿ ಸಂಖ್ಯೆ, ಸಾಮಾನು, ವಾರ: ‘ಎನ್‌ಕ್ವೈರಿ ಸಂಖ್ಯೆ ಇಂಥದ್ದು, 4 ಇಂಚು ಗೇಟ್ ವಾಲ್ವ್ ಕ್ಲಾಸ್ 150, 60 ನಗ, 6 ವಾರ’ (ಕ್ಲಾಸ್ ಎಂದರೆ ವಾಲ್ವ್‌ನ ಒತ್ತಡದ ದರ್ಜೆ). ಮೇಲ್‌ನ ಮೊದಲ ಐದು ಸಾಲಿನಲ್ಲಿ ದರ, ಅದು ಎಲ್ಲಿವರೆಗಿನ ದರ (ಹುಬ್ಬಳ್ಳಿ ಗೇಟಿನವರೆಗೋ, ಗ್ರಾಹಕನ ಸ್ಟೋರ್‌ವರೆಗೋ), ಅವಧಿ ಯಾವ ದಿನದಿಂದ ಶುರು, ದರ ಎಲ್ಲಿಯ ತನಕ ಸಿಂಧು, ಪಾವತಿ ಶರತ್ತು. ಅದರ ಕೆಳಗೆ ‘ನಿಮ್ಮ ಸ್ಪೆಸಿಫಿಕೇಶನ್‌ಗಿಂತ ಬೇರೆ ಇರುವುದು’ ಎಂಬ ಪುಟ್ಟ ಭಾಗ. ಏನೂ ಇಲ್ಲದಿದ್ದರೆ ‘ಏನೂ ಇಲ್ಲ’ ಎಂದೇ ಬರೆಯುತ್ತಾರೆ. ಈ ಭಾಗಕ್ಕೆ ಮಾಲೀಕರು ಮೊದಲು ಒಪ್ಪಲಿಲ್ಲ. ನಮ್ಮ ಕೊರತೆಯನ್ನು ನಾವೇ ಯಾಕೆ ಹೇಳಬೇಕು ಎಂಬುದು ಅವರ ವಾದ. ಮುಚ್ಚಿಟ್ಟ ವ್ಯತ್ಯಾಸ ಇನ್‌ಸ್ಪೆಕ್ಷನ್ ದಿನ ಹೊರಬಿದ್ದು ಒಂದು ಲಾಟ್ ವಾಪಸ್ ಬಂದಿದ್ದ ಹಳೆಯ ಪ್ರಸಂಗವನ್ನು ಮ್ಯಾನೇಜರ್ ನೆನಪಿಸಿದ ಮೇಲೆ ಸುಮ್ಮನಾದರು.

ಎರಕದ ದರಕ್ಕೆ ಕಾಯುವುದನ್ನು ತಪ್ಪಿಸಲು ಫೌಂಡ್ರಿಯ ಜೊತೆ ಕೂತು ಗಾತ್ರವಾರು ತೂಕದ ಪಟ್ಟಿ ಮಾಡಿಕೊಂಡರು. ಕಿಲೋ ದರ ತಿಂಗಳಿಗೊಮ್ಮೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಕೊಟೇಶನ್ ಹೋಗುವ ಅವಧಿ ಒಂದು ವಾರದ ಮೇಲಿದ್ದದ್ದು ಮೂರು ಕೆಲಸದ ದಿನಕ್ಕೆ ಇಳಿಯಿತು. ಸಂವಹನ ಸುಧಾರಣೆ ಎಂದು ಹೊರಟರೆ ಅರ್ಧ ಕೆಲಸ ಹೀಗೆ ಒಳಗಿನ ಪದ್ಧತಿ ಸರಿಮಾಡುವುದರಲ್ಲೇ ಇರುತ್ತದೆ. ಭಾಷಣ ಕಲಿಸುವ ತರಬೇತುದಾರರು ಈ ಅರ್ಧವನ್ನು ಮುಟ್ಟುವುದೇ ಇಲ್ಲ.

ಕಾರ್ಡು, ಮೇಳ, ಪರಿಚಯ

ಮರುವರ್ಷದ ಮೇಳಕ್ಕೆ ಹೋದಾಗ ಮಳಿಗೆ ಅಷ್ಟೇ ಗಾತ್ರದ್ದು. ಮೇಜನ್ನು ಮುಂದಿನ ಅಂಚಿನಿಂದ ಗೋಡೆಗೆ ಸರಿಸಿದರು, ಜನ ಒಳಗೆ ಬರುವಂತಾಯಿತು. ಅರ್ಧಕ್ಕೆ ಕೊಯ್ದ ಒಂದು ಗೇಟ್ ವಾಲ್ವನ್ನು ಎದೆಯ ಎತ್ತರಕ್ಕೆ ಇಟ್ಟು ಹ್ಯಾಂಡ್‌ವೀಲ್ ತಿರುಗಿಸಲು ಬಿಟ್ಟರು. ಕೈಯಿಂದ ತಿರುಗಿಸಿದವನು ಏನಾದರೂ ಕೇಳಿಯೇ ಕೇಳುತ್ತಾನೆ. ಮಳಿಗೆಯಲ್ಲಿ ನಿಂತವರು ಹೇಳುವ ಮೊದಲ ಮಾತು ಪರಿಚಯವಲ್ಲ, ಪ್ರಶ್ನೆ: ‘ನಿಮ್ಮಲ್ಲಿ ಯಾವ ವಾಲ್ವ್ ಹೆಚ್ಚು ತೊಂದರೆ ಕೊಡುತ್ತದೆ?’ ಉತ್ತರ ಬಂದರೆ ಕಾರ್ಡಿನ ಹಿಂದೆ ಅಲ್ಲೇ ಮೂರು ವಿಷಯ ಬರೆಯುವುದು: ತೊಂದರೆ ಏನು, ಯಾವಾಗ ಬೇಕು, ನಾವು ಏನು ಕಳಿಸುತ್ತೇವೆಂದು ಹೇಳಿದೆವು. ಉತ್ತರ ಬರದಿದ್ದರೆ ಕ್ಯಾಟಲಾಗ್ ಕೊಟ್ಟು ನಮಸ್ಕಾರ.

ಆ ಸಲ ಬಂದ ಕಾರ್ಡು 31. ಆಯಾ ರಾತ್ರಿಯೇ ಲಾಡ್ಜ್‌ನಲ್ಲಿ ಕೂತು ಪ್ರತಿಯೊಬ್ಬರಿಗೂ ಬೇರೆಬೇರೆ ನಾಲ್ಕು ಸಾಲು ಬರೆದರು. ‘8 ಇಂಚಿನ ಚೆಕ್ ವಾಲ್ವ್ ಡಿಸ್ಕ್ ಬಡಿದುಕೊಳ್ಳುತ್ತದೆ ಎಂದಿರಿ. ಅದು ಲಂಬ ಪೈಪಿನಲ್ಲಿದೆಯೇ, ಅಡ್ಡ ಪೈಪಿನಲ್ಲಿದೆಯೇ ತಿಳಿಸಿದರೆ ಸೋಮವಾರ ಸಲಹೆ ಕಳಿಸುತ್ತೇವೆ.’ ಹನ್ನೊಂದು ಜನ ಉತ್ತರಿಸಿದರು, ಮೂರು ಎನ್‌ಕ್ವೈರಿ ಹುಟ್ಟಿದವು.

ಒಂದು ಎಡವಟ್ಟೂ ಆಯಿತು. ಸಂಪರ್ಕ ಉಳಿಸಿಕೊಳ್ಳಲೆಂದು ಎಲ್ಲ ನಂಬರ್‌ಗಳನ್ನು ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್‌ಗೆ ಹಾಕಿ ದಿನಾ ಹೂವಿನ ಚಿತ್ರದ ಶುಭೋದಯ, ಹಬ್ಬಕ್ಕೊಂದು ಪೋಸ್ಟರ್ ಕಳಿಸತೊಡಗಿದರು. ಒಬ್ಬ ಗ್ರಾಹಕರು ನಂಬರ್ ಬ್ಲಾಕ್ ಮಾಡಿದ್ದು ಗೊತ್ತಾದದ್ದು ತುರ್ತಾಗಿ ಅವರಿಗೊಂದು ಟೆಸ್ಟ್ ರಿಪೋರ್ಟ್ ಕಳಿಸಬೇಕಾದಾಗ. ಅಂದಿನಿಂದ ಆ ನಂಬರ್‌ನಿಂದ ಕೆಲಸದ ಮಾತು ಮಾತ್ರ.

ಇಷ್ಟೆಲ್ಲ ಮಾಡಿದರೂ ದೊಡ್ಡ ಅವಕಾಶ ಬಂದದ್ದು ಮೇಳದಿಂದಲ್ಲ. ತೂಕದ ಪಟ್ಟಿ ಮಾಡಲು ಬೆಳಗಾವಿಗೆ ಓಡಾಡುತ್ತಿದ್ದಾಗ ಫೌಂಡ್ರಿಯ ಮಾಲೀಕರು, ಪುಣೆಯ ಒಂದು ಪ್ರೊಸೆಸ್ ಉಪಕರಣ ಕಂಪನಿ ಹೊಸ ವಾಲ್ವ್ ಪೂರೈಕೆದಾರನನ್ನು ಹುಡುಕುತ್ತಿದೆ ಎಂದರು. ಎರಕ ಕೊಡುವವರು, ಗ್ಯಾಸ್ಕೆಟ್ ಕೊಡುವವರು, ಮೂರನೇ ಸಂಸ್ಥೆಯ ಇನ್‌ಸ್ಪೆಕ್ಟರ್‌ಗಳು ಹತ್ತು ಕಾರ್ಖಾನೆಯ ಒಳಗು ಕಂಡವರು; ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಅವರಿಗೆ ಗೊತ್ತು. ನೆಟ್‌ವರ್ಕಿಂಗ್ ಎಂದೊಡನೆ ಗ್ರಾಹಕರ ಹಿಂದೆ ಬೀಳುವ ನಾವು ನಮ್ಮಿಂದ ದುಡ್ಡು ಪಡೆಯುವವರನ್ನು ಆ ಪಟ್ಟಿಯಲ್ಲಿ ಸೇರಿಸುವುದೇ ಇಲ್ಲ. ಫೌಂಡ್ರಿಯವರಿಗೆ ಮುಂದಕ್ಕೆ ಕಳಿಸಲು ಸುಲಭವಾಗುವಂತೆ ಆರು ಸಾಲಿನ ಪರಿಚಯವನ್ನು ಇವರೇ ಬರೆದುಕೊಟ್ಟರು: ಏನು ಮಾಡುತ್ತೇವೆ, ಯಾವ ಗಾತ್ರ, ತಿಂಗಳಿಗೆ ಎಷ್ಟು, ಏನು ಮಾಡುವುದಿಲ್ಲ, ಯಾರಿಗೆ ಫೋನ್ ಮಾಡಬೇಕು.

38 ಸ್ಲೈಡು, 7 ಸ್ಲೈಡು

ಪುಣೆಯಿಂದ ಮೂವರು ಬರುವವರಿದ್ದರು: ಪರ್ಚೇಸ್, ಕ್ವಾಲಿಟಿ, ಡಿಸೈನ್. ಹಳೆಯ ಪ್ರೆಸೆಂಟೇಶನ್ 38 ಸ್ಲೈಡಿನದು. ಸ್ಥಾಪಕರ ಫೋಟೊ, ಧ್ಯೇಯವಾಕ್ಯ, ಸಂಘಟನಾ ಚಿತ್ರ, ಮಶೀನ್ ಪಟ್ಟಿ, ಪ್ರಮಾಣಪತ್ರಗಳ ಸ್ಕ್ಯಾನ್, ಆಯುಧ ಪೂಜೆಯ ಚಿತ್ರ. ಹಿಂದಿನ ಎರಡೂ ಸಭೆಗಳಲ್ಲಿ ಅರ್ಧ ಗಂಟೆ ಮುಗಿಯುವಾಗ ಮಶೀನ್ ಪಟ್ಟಿಯ ಹತ್ತಿರ ಇದ್ದರು. ಗ್ರಾಹಕನಿಗೆ ಬೇಕಾದ ವಾಲ್ವ್ ತೆರೆಯ ಮೇಲೆ ಬರಲೇ ಇಲ್ಲ.

ಸ್ಲೈಡಿಗೆ ಕೈ ಹಾಕುವ ಮೊದಲು ಮೂವರಿಗೂ ಬೇರೆಬೇರೆ ಫೋನ್ ಹೋಯಿತು, ಐದೈದು ನಿಮಿಷ. ಕೇಳಿದ್ದು ಒಂದೇ: ‘ಬಂದಾಗ ಏನು ನೋಡಿದರೆ ನಿಮ್ಮ ಬರುವಿಕೆ ಸಾರ್ಥಕ?’ ಪರ್ಚೇಸ್‌ನವರಿಗೆ ಈಗಿನ ಪೂರೈಕೆದಾರ ದಿನಾಂಕ ತಪ್ಪಿಸುತ್ತಾನೆಂಬ ಚಿಂತೆ. ಕ್ವಾಲಿಟಿಯವರಿಗೆ ಹೀಟ್ ನಂಬರ್ (ಯಾವ ಕರಗಿಸಿದ ಲೋಹದಿಂದ ಎರಕವಾಯಿತು ಎಂಬ ಗುರುತು) ಮತ್ತು ಸರ್ಟಿಫಿಕೇಟ್ ತಾಳೆಯಾಗದೆ ಕೈ ಸುಟ್ಟಿತ್ತು. ಡಿಸೈನ್‌ನವರಿಗೆ ಡ್ರಾಯಿಂಗ್ ತಿದ್ದುಪಡಿ ಶೆಡ್ಡಿನ ತನಕ ತಲುಪುತ್ತದೆಯೇ ಎಂಬ ಅನುಮಾನ. ಯಾರೂ ಮಶೀನ್ ಎಷ್ಟಿವೆ ಎಂದು ಕೇಳಲಿಲ್ಲ.

ಹೊಸದು 7 ಸ್ಲೈಡು, 12 ನಿಮಿಷ. ಮೊದಲ ಸ್ಲೈಡಿನಲ್ಲೇ ಉತ್ತರ: ಯಾವ ವಾಲ್ವ್, ವಾರಕ್ಕೆ ಎಷ್ಟು, ಯಾವ ದಿನದಿಂದ. ಎರಡನೆಯದರಲ್ಲಿ ಫೋನಿನಲ್ಲಿ ಕೇಳಿದ ಮೂರು ಚಿಂತೆಗಳು, ಅವರದೇ ಮಾತಿನಲ್ಲಿ. ಮೂರು, ನಾಲ್ಕು, ಐದರಲ್ಲಿ ಒಂದೊಂದು ಚಿಂತೆಗೆ ಒಂದೊಂದು ಸಾಕ್ಷಿ. ಆರನೆಯದು ಹಿಂದಿನ ಎರಡು ರಿಜೆಕ್ಷನ್‌ಗಳು, ಕಾರಣ, ಆಮೇಲೆ ಬದಲಿಸಿದ್ದೇನು. ಏಳನೆಯದು ‘ನಮಗೆ ನಿಮ್ಮಿಂದ ಬೇಕಾದ್ದು’: ಟ್ರಯಲ್ ಆರ್ಡರಿನ ಪ್ರಮಾಣ, ಡ್ರಾಯಿಂಗ್ ಒಪ್ಪಿಗೆಯ ದಿನ, ಪಾವತಿ ಶರತ್ತು. ‘ಗುಣಮಟ್ಟ’, ‘ಸಾಮರ್ಥ್ಯ’ ಎಂಬ ಒಂಟಿ ಪದದ ತಲೆಬರಹಗಳನ್ನು ತೆಗೆದು ಪೂರ್ಣ ವಾಕ್ಯ ಹಾಕಿದರು: ‘ಯಾವುದೇ ಬಾಡಿಯ ಹೀಟ್ ನಂಬರ್‌ನಿಂದ ಎರಕದ ಸರ್ಟಿಫಿಕೇಟ್‌ಗೆ ಎರಡು ನಿಮಿಷದಲ್ಲಿ ಮುಟ್ಟಬಹುದು.’ ವಾಕ್ಯ ಬರೆದರೆ ಅದನ್ನು ಸಾಬೀತು ಮಾಡಬೇಕಾಗುತ್ತದೆ, ಪೊಳ್ಳು ಸ್ಲೈಡು ತಾನಾಗಿ ಉದುರುತ್ತದೆ. ಮಶೀನ್ ಪಟ್ಟಿ, ಪ್ರಮಾಣಪತ್ರಗಳು ನಾಲ್ಕು ಪುಟದ ಪ್ರತ್ಯೇಕ ಹಾಳೆಯಾದವು. ಕೊನೆಗೆ ಕೈಗೆ ಕೊಡಲು.

ಮಾತಾಡುವುದು ಯಾರು ಎಂಬುದರ ಮೇಲೆ ಜಗ್ಗಾಟ ನಡೆಯಿತು. ಮಾಲೀಕರು ತಾವೇ ಪೂರ್ತಿ ಇಂಗ್ಲಿಷಿನಲ್ಲಿ ಹೇಳಬೇಕೆಂದಿದ್ದರು. ಕಡೆಗೆ ಆದ ತೀರ್ಮಾನ: ಮೊದಲ ಎರಡು, ಕೊನೆಯ ಒಂದು ಸ್ಲೈಡು ಮಾಲೀಕರದು, ನಡುವಿನದು ಪೂರ್ತಿ ಮ್ಯಾನೇಜರ್‌ದು, ಅದೂ ಆಫೀಸಿನಲ್ಲಲ್ಲ, ಶೆಡ್ಡಿನಲ್ಲಿ, ಟೆಸ್ಟ್ ಬೆಂಚಿನ ಪಕ್ಕ, ಹಿಂದಿಯಲ್ಲಿ. ಪುಣೆಯವರಿಗೆ ಹಿಂದಿ ಬರುತ್ತದೆ, ಮ್ಯಾನೇಜರ್‌ಗೂ ಬರುತ್ತದೆ, ತಾಂತ್ರಿಕ ಪದಗಳು ಹೇಗೂ ಇಬ್ಬರಿಗೂ ಒಂದೇ. ನಡುನಡುವೆ ‘ನೋಡ್ರಿ’ ಬಂದರೆ ಬರಲಿ ಎಂದು ಬಿಟ್ಟರು.

ಒತ್ತಡ ಪರೀಕ್ಷೆಯನ್ನು ಅವರೆದುರೇ ಮಾಡುವುದೆಂದಾಯಿತು. ಕ್ಲಾಸ್ 150ರ ಡಬ್ಲ್ಯೂಸಿಬಿ (ಎರಕದ ಕಾರ್ಬನ್) ಉಕ್ಕಿನ ವಾಲ್ವ್‌ಗೆ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಡೆಯಬಲ್ಲ ಒತ್ತಡದ ರೇಟಿಂಗ್ 285 ಪಿಎಸ್‌ಐ. ಬಾಡಿ (ವಾಲ್ವ್‌ನ ಹೊರಕವಚ) ಪರೀಕ್ಷೆ ಅದರ ಒಂದೂವರೆ ಪಟ್ಟು, ಅಂದರೆ 427.5. ಅದನ್ನು 25ರ ಮುಂದಿನ ಗುಣಕಕ್ಕೆ ಮೇಲೇರಿಸಿದರೆ 450. ವಾಲ್ವ್ ಪರೀಕ್ಷೆಯ ಮಾನದಂಡವಾದ ಎಪಿಐ 598ರ ಪ್ರಕಾರ 4 ಇಂಚಿನ ವಾಲ್ವ್‌ಗೆ ಕನಿಷ್ಠ 60 ಸೆಕೆಂಡು ಹಿಡಿಯಬೇಕು. ಇಂಥ ಪ್ರಾತ್ಯಕ್ಷಿಕೆ ಕೆಡುವುದು ಸಾಮಾನ್ಯವಾಗಿ ವಾಲ್ವ್‌ನಿಂದಲ್ಲ, ಬೆಂಚಿನಿಂದ. ಒಳಗೆ ಗಾಳಿ ಉಳಿದರೆ ಗೇಜಿನ ಮುಳ್ಳು ನಿಲ್ಲದೆ ಜಾರುತ್ತದೆ, ವಾಲ್ವ್‌ನ ಬಾಯಿ ಮುಚ್ಚುವ ಬ್ಲೈಂಡ್ ಫ್ಲೇಂಜಿನ ಹಳೆಯ ಗ್ಯಾಸ್ಕೆಟ್ ಜಿನುಗುತ್ತದೆ, ನೋಡುವವನಿಗೆ ಎರಡೂ ‘ವಾಲ್ವ್ ಸೋರುತ್ತಿದೆ’ ಎಂದೇ ಕಾಣುತ್ತದೆ. ಹಿಂದಿನ ದಿನ ಎರಡು ಸಲ ತಾಲೀಮು ನಡೆಯಿತು: ಹೊಸ ಗ್ಯಾಸ್ಕೆಟ್, ಗಾಳಿ ಪೂರ್ತಿ ಹೊರಬಿಡುವುದು, ಕ್ಯಾಲಿಬ್ರೇಶನ್ ಚೀಟಿ ಇರುವ ಎರಡು ಗೇಜು, ಬಾಡಿ ಒರೆಸಲು ಒಣ ಬಟ್ಟೆ. ತಾಲೀಮಿನಲ್ಲಿ ತಿದ್ದಿದ್ದು ಒಂದೇ ಸಂಗತಿ. ಮುಳ್ಳು 450ಕ್ಕೆ ಬಂದ ಮೇಲೆ ಮ್ಯಾನೇಜರ್ ಖಾಲಿ ಜಾಗ ತುಂಬಲು ಏನಾದರೂ ಹೇಳುತ್ತಲೇ ಇರುತ್ತಿದ್ದರು. ಆ 60 ಸೆಕೆಂಡು ಯಾರೂ ಮಾತಾಡಬಾರದು ಎಂದು ಗೊತ್ತುಮಾಡಿದರು.

ಭೇಟಿಯ ದಿನ ಮುಳ್ಳು ನಿಂತಿತು, ಮ್ಯಾನೇಜರ್ ಸುಮ್ಮನಿದ್ದರು, ಕ್ವಾಲಿಟಿಯವರು ತಮ್ಮ ಫೋನಿನಲ್ಲಿ ಸಮಯ ನೋಡಿಕೊಂಡರು. ಆಮೇಲೆ ರ‍್ಯಾಕಿನಿಂದ ತಾವೇ ಒಂದು ಬಾಡಿ ಆರಿಸಿ, ಇದರ ಸರ್ಟಿಫಿಕೇಟ್ ತೋರಿಸಿ ಎಂದರು. ಫೈಲು ಸಿಗಲು ಎರಡು ನಿಮಿಷದ ಬದಲು ನಾಲ್ಕು ನಿಮಿಷ ಹಿಡಿಯಿತು, ಆದರೆ ಸಿಕ್ಕಿತು, ನಂಬರ್ ತಾಳೆಯಾಯಿತು. ಡಿಸೈನ್‌ನವರ ಒಂದು ಪ್ರಶ್ನೆಗೆ ಮ್ಯಾನೇಜರ್ ‘ಗೊತ್ತಿಲ್ಲ, ನಾಳೆ ಮಧ್ಯಾಹ್ನದೊಳಗೆ ಬರೆದು ತಿಳಿಸುತ್ತೇವೆ’ ಎಂದರು. ಮಾಲೀಕರು ನಡುವೆ ಬಾಯಿ ಹಾಕಿ ಏನೋ ಊಹಿಸಿ ಹೇಳಹೊರಟವರು ತಡೆದುಕೊಂಡರು. ಮರುದಿನ ಹನ್ನೊಂದಕ್ಕೆ ಉತ್ತರ ಹೋಯಿತು.

ದುಡ್ಡಿನ ಮಾತು

ಏಳನೇ ಸ್ಲೈಡಿನಲ್ಲಿ 45 ದಿನದ ಪಾವತಿ ಎಂದಿತ್ತು. ಪರ್ಚೇಸ್‌ನವರು ತಮ್ಮಲ್ಲಿ 90 ದಿನ ಎಂದರು. ಹಳೆಯ ಅಭ್ಯಾಸವಾದರೆ ಮಾಲೀಕರು ‘ಆಯ್ತ್ರಿ, ನೋಡೋಣ’ ಎಂದು ತಲೆದೂಗಿ, ಆರು ತಿಂಗಳ ಮೇಲೆ ಬಾಕಿ ಕೇಳಿ ಕೇಳಿ ಸಂಬಂಧ ಕೆಡಿಸಿಕೊಳ್ಳುತ್ತಿದ್ದರು. ಈ ಸಲ ಮಾತು ಮೊದಲೇ ಬರೆದಿಟ್ಟುಕೊಂಡಿದ್ದರು. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮದ ಪೂರೈಕೆಗೆ ಒಪ್ಪಂದದ ಅವಧಿ 45 ದಿನ ಮೀರುವಂತಿಲ್ಲ. ಆ ಅವಧಿ ದಾಟಿ ಕೊಟ್ಟ ಹಣವನ್ನು, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದೆಂಬ ಆದಾಯ ತೆರಿಗೆ ನಿಯಮ 2023-24ರ ಲೆಕ್ಕದಿಂದ ಅನ್ವಯವಾಗಿದೆ. ಇದನ್ನು ಬೆದರಿಕೆಯಂತೆ ಹೇಳಿದರೆ ಆರ್ಡರ್ ಹೋಗುತ್ತದೆ. ಮಾಲೀಕರು ಹೇಳಿದ್ದು ಇಷ್ಟು: ‘ನಮ್ಮ ಉದ್ಯಮ್ ನೋಂದಣಿ ಸಂಖ್ಯೆ ಕೊಟೇಶನ್ ಮೇಲಿದೆ. ನಿಮ್ಮ ಅಕೌಂಟ್ಸ್‌ನವರಿಗೆ ಒಮ್ಮೆ ತೋರಿಸಿ. ತೆರಿಗೆ ಲೆಕ್ಕದಲ್ಲಿ ನಿಮಗೆ ತೊಂದರೆ ಆಗಬಾರದು.’ ವಾರದ ಮೇಲೆ 45 ದಿನಕ್ಕೆ ಒಪ್ಪಿಗೆ ಬಂತು, ದರದಲ್ಲಿ ಒಂದೂವರೆ ಶೇಕಡ ಕಡಿತದ ಜೊತೆ. ಕಡಿತಕ್ಕೆ ಒಪ್ಪಿದ್ದು ಸರಿಯೇ ಎಂಬ ಚರ್ಚೆ ಘಟಕದಲ್ಲಿ ಇನ್ನೂ ಇದೆ.

ಕೆಟ್ಟ ಸುದ್ದಿಯ ಮೇಲ್

ಟ್ರಯಲ್ ಆರ್ಡರ್ 60 ವಾಲ್ವ್. ಮಶೀನಿಂಗ್ ಮುಗಿಸಿ ಪರೀಕ್ಷಿಸಿದಾಗ 11 ಬಾಡಿಗಳು ಕುತ್ತಿಗೆಯ ಬಳಿ ಬೆವರಿದವು, ಅಂದರೆ ನೀರು ಜಿನುಗಿತು. ಎರಕ ಗಟ್ಟಿಯಾಗುವಾಗ ದಪ್ಪ ಭಾಗದಲ್ಲಿ ಆಗುವ ಕುಗ್ಗುವಿಕೆಯ ದೋಷ. ಕಳಿಸುವ ದಿನಕ್ಕೆ ಇನ್ನೂ 12 ದಿನ ಇತ್ತು. ಹೊಸ ಎರಕಕ್ಕೆ ಮೂರು ವಾರ ಬೇಕು.

ಕೊನೆಯ ದಿನದ ತನಕ ಸುಮ್ಮನಿದ್ದು ‘ಕರೆಂಟ್ ಸಮಸ್ಯೆ’ ಎನ್ನುವುದು ಈ ವಲಯದ ಹಳೆಯ ವಾಡಿಕೆ. ಇನ್ನೊಂದು ದಾರಿ, ವೆಲ್ಡ್ ತುಂಬಿ ಮರುಪರೀಕ್ಷೆ ಮಾಡುವುದು. ತಾಂತ್ರಿಕವಾಗಿ ಸಾಧ್ಯವಿದ್ದರೂ ಈ ಗ್ರಾಹಕನ ಸ್ಪೆಸಿಫಿಕೇಶನ್‌ನಲ್ಲಿ ಅದಕ್ಕೆ ಮುಂಚಿತ ಒಪ್ಪಿಗೆ ಬೇಕಿತ್ತು. ಅಂದೇ ಸಂಜೆ ಮ್ಯಾನೇಜರ್ ಕನ್ನಡದಲ್ಲಿ ಹೇಳುತ್ತ ಹೋದರು, ಆಫೀಸಿನವರು ಇಂಗ್ಲಿಷಿನಲ್ಲಿ ಬರೆದರು. ಮೊದಲ ಸಾಲಿನಲ್ಲೇ ಸುದ್ದಿ: 60ರಲ್ಲಿ 49 ನಿಗದಿತ ದಿನಕ್ಕೆ ಬರುತ್ತವೆ, 11 ಬರುವುದಿಲ್ಲ. ನಂತರ ಕಾರಣ, ಎರಡು ಫೋಟೊ. ನಂತರ ಎರಡು ಆಯ್ಕೆ: ನಿಮ್ಮ ಒಪ್ಪಿಗೆಯೊಂದಿಗೆ ವೆಲ್ಡ್ ರಿಪೇರಿ ಮಾಡಿದರೆ 4 ದಿನ ತಡ, ಹೊಸ ಎರಕವಾದರೆ ಇಂಥ ದಿನಾಂಕ. ನಮ್ಮ ಸಲಹೆ ಹೊಸ ಎರಕ, ಯಾಕೆಂದರೆ ದೋಷ ಒಂದೇ ಜಾಗದಲ್ಲಿ ಮರುಕಳಿಸಿದೆ. ಬುಧವಾರದೊಳಗೆ ತಿಳಿಸಿದರೆ ಈ ದಿನಾಂಕಗಳು ನಿಲ್ಲುತ್ತವೆ. ಕ್ಷಮೆ ಒಂದೇ ವಾಕ್ಯ, ಕೊನೆಯಲ್ಲಿ.

ಪರ್ಚೇಸ್‌ನವರು ಫೋನಿನಲ್ಲಿ ರೇಗಿದರು. ಅದು ಸಹಜ; ಅವರಿಗಿದ್ದ ಚಿಂತೆಯೇ ದಿನಾಂಕದ್ದು. ಆದರೆ ಕ್ವಾಲಿಟಿ ಮತ್ತು ಡಿಸೈನ್ ಎರಡೂ ಹೊಸ ಎರಕಕ್ಕೆ ಬರೆದು ಒಪ್ಪಿದವು. ಹೇಳಿದ ಎರಡೂ ದಿನಾಂಕಕ್ಕೆ ಸರಕು ಹೋಯಿತು. ಮುಂದಿನ ಆರ್ಡರ್ 200 ವಾಲ್ವ್‌ನದು.

ಆನಂತರ

ಎರಡನೇ ವರ್ಷ 39 ಎನ್‌ಕ್ವೈರಿಗೆ 12 ಆರ್ಡರ್ ಸಿಕ್ಕವು. ಎನ್‌ಕ್ವೈರಿ ಕಡಿಮೆಯಾದದ್ದು, ತಮ್ಮ ವ್ಯಾಪ್ತಿಗೆ ಬಾರದ್ದಕ್ಕೆ ಅದೇ ದಿನ ‘ಇದು ನಮ್ಮ ಕೆಲಸವಲ್ಲ’ ಎಂದು ಬರೆದು, ಅವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದರಿಂದ. ಪೂರ್ತಿ ಯಶಸ್ಸನ್ನು ಸಂವಹನದ ಖಾತೆಗೆ ಹಾಕುವುದು ತಪ್ಪಾದೀತು: ಆ ವರ್ಷ ಎರಕದ ದರ ಇಳಿದಿತ್ತು, ಫೌಂಡ್ರಿಯವರ ಪರಿಚಯದ ಮಾತೂ ದೊಡ್ಡ ಕೆಲಸ ಮಾಡಿತ್ತು. ದರದ ಕಾರಣಕ್ಕೆ ತಪ್ಪುವ ಆರ್ಡರುಗಳು ಈಗಲೂ ತಪ್ಪುತ್ತವೆ. ಅವಕ್ಕೆ ಮೇಲ್ ಎಷ್ಟು ಚೆನ್ನಾಗಿ ಬರೆದರೂ ಮದ್ದಿಲ್ಲ.

ಸಡಿಲವಾಗಿಯೇ ಉಳಿದ ಕೊಂಡಿಯೂ ಇದೆ. ಆಫೀಸಿನವರು ಹೆರಿಗೆ ರಜೆಗೆ ಹೋದ ತಿಂಗಳುಗಳಲ್ಲಿ ಎನ್‌ಕ್ವೈರಿ ಪಟ್ಟಿ ತುಂಬುವುದು ನಿಂತುಹೋಯಿತು, ಕೊಟೇಶನ್ ಮತ್ತೆ ವಾರ ದಾಟತೊಡಗಿತು. ಪದ್ಧತಿ ಒಬ್ಬರ ತಲೆಯಲ್ಲಿತ್ತು, ಬರಹದಲ್ಲಿ ಇರಲಿಲ್ಲ. ಈಗ ಮೊದಲ ದಿನದ ಮೇಲ್, ಕೊಟೇಶನ್, ತಡದ ಸುದ್ದಿ, ಮೇಳದ ರಾತ್ರಿಯ ನಾಲ್ಕು ಸಾಲು, ಹೀಗೆ ನಾಲ್ಕು ಮಾದರಿಗಳು ಶೇರ್ ಮಾಡಿದ ಫೋಲ್ಡರಿನಲ್ಲಿವೆ. ಮ್ಯಾನೇಜರ್ ಕೂಡ ತಮ್ಮ ಫೋನಿನಿಂದ ಮೊದಲ ದಿನದ ಮೇಲ್ ಕಳಿಸುತ್ತಾರೆ. ಅದರಲ್ಲಿ ವ್ಯಾಕರಣದ ತಪ್ಪಿರುತ್ತದೆ, ಯಾರೂ ಅದನ್ನು ತಿದ್ದಲು ಕಾಯುವುದಿಲ್ಲ.